ಮ್ಯೂಸಿಯಂ ಹುಟ್ಟುಹಬ್ಬಕ್ಕೆ ಶಿರಾದವರನ್ನೂ ಕರೆಯಿರಿ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲಿನಲ್ಲಿ ಒಂದು ಷರತ್ತು ಕೆತ್ತಿದೆ. ಕಲ್ಲು ಕ್ರಿ.ಶ. 949ರ ಸುಮಾರಿನದು, ಮದ್ದೂರು ಸೀಮೆಯಿಂದ ಬಂದದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ ಇಬ್ಬರೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸುದ್ದಿ ಅದರಲ್ಲಿದೆ. ಆದರೆ ಕಲ್ಲು ನಿಲ್ಲಿಸಿದ್ದು ಒಂದು ನಾಯಿಗಾಗಿ. ಬೂತುಗನ ಬಂಟ ಮಣಲೆರ ಯುದ್ಧದಲ್ಲಿ ಮೆರೆದದ್ದಕ್ಕೆ ಬಹುಮಾನವಾಗಿ ಊರು ಕೇರಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಸುತ್ತಿಕೊಳ್ಳುತ್ತದೆ ಎಂಬುದೇ ಆ ಷರತ್ತು.

ಕಲ್ಲು ಬೆಂಗಳೂರಿಗೆ ಬಂದ ಮೇಲೆ ಈ ಷರತ್ತು ಯಾರ ತಲೆಗೆ ಬಂತು? ಕ್ಯುರೇಟರಿಗೋ, ಕಾವಲುಗಾರನಿಗೋ, ಪುರಾತತ್ವ ಇಲಾಖೆಯ ನಿರ್ದೇಶಕರಿಗೋ? ತಮಾಷೆಗೆ ಕೇಳುತ್ತಿಲ್ಲ. ವಸ್ತುವನ್ನು ಅದರ ಊರಿನಿಂದ ಎತ್ತಿ ತಂದಾಗ ಅದನ್ನು ಕಾಪಾಡುವ ಹೊಣೆಯನ್ನು ಮ್ಯೂಸಿಯಂ ಹೊರುತ್ತದೆ, ಆದರೆ ಅದರ ಜೊತೆಗಿದ್ದ ನಂಟು, ಕರಾರು, ಜಗಳಗಳನ್ನು ಊರಿನಲ್ಲೇ ಬಿಟ್ಟು ಬರುತ್ತದೆ. ಕಾಲ, ಶಿಲೆ, ಸ್ಥಳ ಎಂದು ಮೂರು ಸಾಲಿನ ಫಲಕ ಬರೆದರೆ ಕೆಲಸ ಮುಗಿಯಿತು. ಓದುವವನು ಹೂಂಗುಟ್ಟಿ ಮುಂದಿನ ಕಲ್ಲಿಗೆ ಹೋಗುತ್ತಾನೆ.

ವಾರ್ಷಿಕೋತ್ಸವ ಬಂದಾಗಲಾದರೂ ಮ್ಯೂಸಿಯಮ್ಮು ತನ್ನನ್ನು ತಾನೇ ನೋಡಿಕೊಳ್ಳಬೇಕು ಎನ್ನುವುದು ನ್ಯಾಯವಾದ ಆಸೆ. ನಡೆಯುವುದು ಬೇರೆ. ಸುಣ್ಣಬಣ್ಣ, ಶಾಮಿಯಾನ, ಮಂತ್ರಿಗಳ ಭಾಷಣ, ಸ್ಮರಣ ಸಂಚಿಕೆ, ಹಾರ. ಕೆಲವೊಮ್ಮೆ ಹಬ್ಬವೇ ವಸ್ತುವಿಗೆ ಗಂಡಾಂತರ ತರುವುದುಂಟು. 1814ರಲ್ಲಿ ಹುಟ್ಟಿದ ಕೊಲ್ಕತ್ತದ ಇಂಡಿಯನ್ ಮ್ಯೂಸಿಯಂ ಇನ್ನೂರರ ಹಬ್ಬಕ್ಕೆ ಅಣಿಯಾಗುತ್ತಿದ್ದಾಗ, 2013ರ ಡಿಸೆಂಬರಿನಲ್ಲಿ, ಮೌರ್ಯರ ಕಾಲದ ರಾಮಪುರ್ವಾ ಸಿಂಹಶೀರ್ಷಿಕೆಗೆ ಪೆಟ್ಟಾಯಿತು. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬಾಳಿದ್ದ ಕಲ್ಲು ಹಬ್ಬದ ಗಡಿಬಿಡಿಗೆ ತಾಳಲಿಲ್ಲ.

ಇತ್ತೀಚಿನ ದಶಕಗಳಲ್ಲಿ ಇದಕ್ಕಿಂತ ಒಳ್ಳೆಯ ಪದ್ಧತಿಯೊಂದು ಬಂದಿದೆ. ಇಂದಿನ ಕಲಾವಿದರನ್ನು ಕರೆದು, ಹಳೆಯ ಸಂಗ್ರಹದ ನಡುವೆ ಅವರ ಕೃತಿಗಳನ್ನಿಟ್ಟು, ಅವರೊಡನೆ ಸಾರ್ವಜನಿಕವಾಗಿ ಮಾತುಕತೆ ನಡೆಸುವುದು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಬಾಲ್ಟಿಮೋರಿನದು. 1992ರಲ್ಲಿ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿ ಫ್ರೆಡ್ ವಿಲ್ಸನ್ ಎಂಬ ಕಪ್ಪು ಕಲಾವಿದನಿಗೆ ತನ್ನ ಉಗ್ರಾಣದ ಬೀಗ ತೆಗೆದುಕೊಟ್ಟಿತು. ಆತ ಹೊಸದೇನನ್ನೂ ಮಾಡಲಿಲ್ಲ. ಸಿರಿವಂತರ ಮನೆಯ ಬೆಳ್ಳಿಯ ಹೂಜಿ, ಬಟ್ಟಲುಗಳಿದ್ದ ಗಾಜಿನ ಪೆಟ್ಟಿಗೆಯಲ್ಲಿ, ಅದೇ ಉಗ್ರಾಣದ ಮೂಲೆಯಲ್ಲಿದ್ದ ಗುಲಾಮರ ಕಬ್ಬಿಣದ ಬೇಡಿಗಳನ್ನು ಇಟ್ಟ. ಫಲಕದ ಮೇಲೆ ‘ಲೋಹದ ಕೆಲಸ, 1793–1880’ ಎಂದಷ್ಟೇ ಇತ್ತು. ಎರಡೂ ಲೋಹವೇ, ಎರಡೂ ಒಂದೇ ಊರಿನವು, ಒಂದೇ ಕಾಲದವು. ಒಟ್ಟಿಗೆ ಇಟ್ಟಿರಲಿಲ್ಲ, ಅಷ್ಟೇ.

ನಮ್ಮಲ್ಲಿ ಇದನ್ನು ಗಟ್ಟಿಯಾಗಿ ಮಾಡಿದ್ದು ಮುಂಬೈನ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ. 1872ರಲ್ಲಿ ತೆರೆದ ಈ ಮ್ಯೂಸಿಯಂ, 2008ರಲ್ಲಿ ಜೀರ್ಣೋದ್ಧಾರ ಮುಗಿಸಿಕೊಂಡ ಮೇಲೆ ಒಬ್ಬೊಬ್ಬರೇ ಕಲಾವಿದರನ್ನು ಕರೆದು ತನ್ನ ಸಂಗ್ರಹಕ್ಕೆ ಎದುರು ಮಾತಾಡಿಸಿತು. 2011ರಲ್ಲಿ ಅಲ್ಲಿ ಪ್ರದರ್ಶನ ನಡೆಸಿದವರು ನಮ್ಮ ಕುಂದಾಪುರ ಸೀಮೆಯ ಎಲ್.ಎನ್. ತಲ್ಲೂರ್. ಇವರು ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಚಿತ್ರಕಲೆ ಕಲಿತು, ಬರೋಡಕ್ಕೆ ಹೋಗಿ ಓದಿದ್ದು ಮ್ಯೂಸಿಯಂ ಶಾಸ್ತ್ರವನ್ನು. ಮನೆಯ ಅಡಿಪಾಯ ಎಲ್ಲೆಲ್ಲಿ ಕುಸಿದಿದೆ ಎಂದು ಬಲ್ಲ ಮೇಸ್ತ್ರಿಯೇ ಅತಿಥಿಯಾಗಿ ಬಂದಂತೆ. ಅದೇ ಸುಮಾರಿಗೆ ಅವರು ಮಾಡಿದ ‘ಯೂನಿಕೋಡ್’ ಎಂಬ ಶಿಲ್ಪದಲ್ಲಿ ಕಂಚಿನ ನಟರಾಜನ ಪ್ರಭಾವಳಿ ಇದೆ, ನಟರಾಜನಿಲ್ಲ. ಅವನಿರಬೇಕಾದ ಜಾಗದಲ್ಲಿ ನಾಣ್ಯಗಳು ಹುದುಗಿದ ಕಾಂಕ್ರೀಟಿನ ಮುದ್ದೆ. ಕುಣಿಯುತ್ತಿದ್ದ ದೇವರು ವಿಗ್ರಹವಾಗಿ, ಪ್ರಾಚ್ಯವಸ್ತುವಾಗಿ, ಹರಾಜಿನ ಮಾಲಾಗಿ ಬದಲಾದದ್ದನ್ನು ಇದಕ್ಕಿಂತ ಅಡಕವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಪುಷ್ಪಮಾಲಾ ಎನ್. ಅವರ ಕೆಲಸವನ್ನೂ ಇಲ್ಲಿ ನೆನೆಯಬೇಕು. 2000ದಿಂದ 2004ರವರೆಗೆ ಕ್ಲೇರ್ ಆರ್ನಿ ಜೊತೆಗೂಡಿ ಅವರು ಮಾಡಿದ ಫೋಟೋ ಸರಣಿಯಲ್ಲಿ ದಕ್ಷಿಣ ಭಾರತದ ‘ಮೂಲನಿವಾಸಿ ಹೆಂಗಸರ’ ಹಳೆಯ ಚಿತ್ರಗಳನ್ನು ತಾವೇ ವೇಷ ಕಟ್ಟಿ ಮತ್ತೆ ತೆಗೆಸಿಕೊಂಡರು. ಬ್ರಿಟಿಷ್ ಮಾನವಶಾಸ್ತ್ರಜ್ಞರು ಬುಡಕಟ್ಟಿನ ಹೆಣ್ಣನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳತೆ ಹಿಡಿದ ಭಂಗಿಯೂ ಅವುಗಳಲ್ಲಿದೆ. ಅಳೆಸಿಕೊಂಡವಳ ಜಾಗದಲ್ಲಿ ಕಲಾವಿದೆಯೇ ನಿಂತಾಗ, ಅಳೆಯುವವನು ಯಾರು, ಯಾಕೆ ಅಳೆಯುತ್ತಿದ್ದಾನೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಹೀಗಾಗಿ ಕಲಾವಿದರ ಮಾತುಕತೆ ಎಂಬ ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರಲ್ಲಿ ಯಾರು ಕೂರುತ್ತಾರೆ ಎಂಬುದರ ಬಗ್ಗೆ. ವೇದಿಕೆಯ ಮೇಲೆ ಕ್ಯುರೇಟರ್, ಕಲಾವಿದ. ಕೆಳಗೆ ಇನ್ನಷ್ಟು ಕಲಾವಿದರು, ಕಲಾ ವಿದ್ಯಾರ್ಥಿಗಳು, ನಾಲ್ಕು ಜನ ಪತ್ರಕರ್ತರು. ಮಾತು ಇಂಗ್ಲಿಷಿನಲ್ಲಿ, ಊಟ ಆಮೇಲೆ. ಕಲ್ಲಿನ ಊರಿನವರು, ಗೊಂಬೆಯ ಮನೆತನದವರು, ಕಂಬಳಿ ನೇಯ್ದವರು ಯಾರೂ ಇರುವುದಿಲ್ಲ. ಅವರ ಪರವಾಗಿ ಕಲಾವಿದರು ಮರುಗುತ್ತಾರೆ. ಮರುಕ ನಿಜವೇ ಇರಬಹುದು, ಆದರೆ ಎದುರಿಗೆ ಉತ್ತರ ಕೊಡುವವನು ಇಲ್ಲದೆ ಅದಕ್ಕೆ ಮಾತುಕತೆ ಎಂಬ ಹೆಸರು ಒಪ್ಪುವುದಿಲ್ಲ.

ಬೆಂಗಳೂರಿನ ಮ್ಯೂಸಿಯಮ್ಮನ್ನೇ ನೋಡಿ. ಮದರಾಸಿನ ವಸ್ತುಸಂಗ್ರಹಾಲಯವನ್ನು ಕಟ್ಟಿದ ಎಡ್ವರ್ಡ್ ಬಾಲ್ಫೋರ್ ಅವರ ಒತ್ತಾಸೆಯಿಂದ 1865ರಲ್ಲಿ ಇದು ಹುಟ್ಟಿತು. 1877ರಲ್ಲಿ ಸ್ಯಾಂಕಿ ಕಟ್ಟಿಸಿದ ಈಗಿನ ಕಟ್ಟಡಕ್ಕೆ ಬಂತು. ನೂರೈವತ್ತು ತುಂಬಿದ್ದು 2015ರಲ್ಲಿ. ಆ ವರ್ಷವೇ ಸರ್ಕಾರ ಪಕ್ಕದ ವೆಂಕಟಪ್ಪ ಚಿತ್ರಶಾಲೆಯ ನವೀಕರಣ, ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಒಡಂಬಡಿಕೆ ಮಾಡಿಕೊಂಡಿತು. ಸುದ್ದಿ ತಿಳಿದ ಕಲಾವಿದರು 2016ರಲ್ಲಿ ಚಿತ್ರಶಾಲೆಯ ಮುಂದೆ ನೆರೆದು ಪ್ರತಿಭಟಿಸಿದರು. ಕಡಿಮೆ ಬಾಡಿಗೆಗೆ ಯಾವ ಹಳ್ಳಿಯ ಹುಡುಗನೂ ತನ್ನ ಮೊದಲ ಪ್ರದರ್ಶನ ಮಾಡಬಹುದಾದ ಜಾಗ ಇದು, ಕೇಳದೆ ಕೊಡಬೇಡಿ ಎಂಬುದು ಅವರ ವಾದದ ತಿರುಳು. ಯೋಜನೆ ಮುಂದುವರಿಯಲಿಲ್ಲ. ಆ ಪ್ರತಿಷ್ಠಾನದವರು ಅದೇ ರಸ್ತೆಯಲ್ಲಿ ಸ್ವಂತ ಮ್ಯೂಸಿಯಂ ಕಟ್ಟಿ 2023ರಲ್ಲಿ ತೆರೆದರು, ಅದು ಚೆನ್ನಾಗಿಯೂ ಇದೆ. ಯಾರು ಸರಿ ಎಂಬ ಪಂಚಾಯಿತಿಗೆ ನಾನು ಕೂರುವುದಿಲ್ಲ. ನೂರೈವತ್ತರ ಸಂಭ್ರಮದ ಹೊತ್ತಿನಲ್ಲಿ ಕಲಾವಿದರಿಗೂ ಸರ್ಕಾರಕ್ಕೂ ನಡೆದ ಒಂದೇ ಒಂದು ನಿಜವಾದ ಸಂವಾದ ಗೇಟಿನ ಹೊರಗೆ ನಡೆಯಿತು, ಅದನ್ನು ಗಮನಿಸಿದರೆ ಸಾಕು. ಆ ಕಲಾವಿದರು ಅಂದು ಕೇಳಿದ್ದೂ ಒಂದೇ ಮಾತು: ನಮ್ಮನ್ನು ಕೇಳಿದಿರಾ? ಇದೇ ಮಾತನ್ನು ತುಮಕೂರು ಜಿಲ್ಲೆಯ ಶಿರಾದವರು, ಪಾವಗಡದವರು ಕಲಾವಿದರನ್ನೂ ಸೇರಿಸಿಕೊಂಡು ಇಡೀ ಮ್ಯೂಸಿಯಂ ಲೋಕಕ್ಕೆ ಕೇಳಬಹುದು.

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಕೃತಿಯನ್ನು ತೆಗೆದುಕೊಳ್ಳಿ. 2009ರಲ್ಲಿ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿತ್ತು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮನುಷ್ಯರ ತಲೆಗೂದಲಿಂದ ಹೊಸೆದ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಹಗ್ಗ, ಅದರಲ್ಲಿ ತೂಗುವ ಕಾರಿನ ಬಂಪರುಗಳು. ಹರಕೆಗೆ ಮುಡಿ ಕೊಟ್ಟವರ ಕೂದಲಲ್ಲಿ ಉದ್ದನೆಯದು ಟೋಪನ್ನಿಗೆ ಹೋಗುತ್ತದೆ. ಉಳಿದ ಗಿಡ್ಡ ಕೂದಲು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ಗಾಡಿಗಳ ಬಂಪರಿಗೆ ಬೀಳುತ್ತದೆ. ವೆನಿಸ್ಸಿನ ನೋಡುಗನಿಗೆ ಇದನ್ನೆಲ್ಲ ಫಲಕದಲ್ಲಿ ವಿವರಿಸಬೇಕು. ಶಿರಾ ಬೈಪಾಸಿನಲ್ಲಿ ಟೀ ಕುಡಿಯಲು ನಿಂತ ಲಾರಿ ಚಾಲಕನಿಗೆ ವಿವರಿಸಬೇಕಾಗಿಲ್ಲ. ಹಗ್ಗ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ, ಯಾವ ವಾರ ಕಟ್ಟಬೇಕು, ಕಟ್ಟಿದ ಮೇಲೂ ಹಿರಿಯೂರು ದಾಟಿದಾಗ ಅಪಘಾತವಾದರೆ ಏನು ಹೇಳಿ ಸಮಾಧಾನ ಮಾಡಿಕೊಳ್ಳಬೇಕು, ಎಲ್ಲ ಅವನಿಗೆ ಗೊತ್ತು. ಹಾಗೆಯೇ ಮುಡಿ ಕೊಟ್ಟು ಬಂದ ಅವನ ಹೆಂಡತಿಗೂ ಗೊತ್ತು. ಹೀಗೆ ಆ ಕೃತಿಯ ಅತ್ಯಂತ ಸಮರ್ಥ ಓದುಗರೇ ಅದನ್ನು ನೋಡಿಲ್ಲ. ನಾಲ್ಕು ಕಿಲೋಮೀಟರ್ ಹಗ್ಗದ ಮುಂದೆ ಅವರನ್ನು ನಿಲ್ಲಿಸಿದರೆ ‘ಇದೇನು ಮಹಾ’ ಅನ್ನಬಹುದು, ಹೆದರಬಹುದು, ಇಷ್ಟು ಜನರ ಹರಕೆಯನ್ನು ಒಂದೇ ಕಡೆ ಹೀಗೆ ನೇತುಹಾಕುವುದು ಸರಿಯಾ ಎಂದು ಜಗಳಕ್ಕೂ ಬರಬಹುದು. ಟೇಟ್ ಗ್ಯಾಲರಿಯಲ್ಲಿ ಈ ಮೂರನೆಯ ಮಾತು ಬಹುಶಃ ಬರುವುದಿಲ್ಲ. ಬರಬೇಕಾದದ್ದು ಅದೇ.

ಆ ಚಾಲಕ ನಿಂತ ಶಿರಾದ ಸೀಮೆಗೇ ಬರೋಣ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ‘ಜಿಲ್ಲೆ’ ಎಂಬ ಗೌರವ ಸಿಗುತ್ತದೆ. ಅವು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಿಜವಾದ ಜಿಲ್ಲೆ ಮಾಡಿ ಎಂಬ ಬೇಡಿಕೆ ಹಳೆಯದು, ಅದು ಬೇರೆ ಕಥೆ. ಮ್ಯೂಸಿಯಮ್ಮಿನ ದೃಷ್ಟಿಯಿಂದ ಈ ಸೀಮೆ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಇಲ್ಲಿಂದ ಬೇರೆಡೆಗೆ ಒಯ್ದದ್ದು ಬಹಳ, ಒಯ್ಯಲಾಗದೆ ಇಲ್ಲೇ ಉಳಿದದ್ದು ಇನ್ನೂ ಬಹಳ.

ಶಿರಾದ ಕೋಟೆಗೆ ಕೈಹಾಕಿದವನು ರತ್ನಗಿರಿಯ ಕಸ್ತೂರಿ ರಂಗಪ್ಪ ನಾಯಕ. ಆಮೇಲೆ ಬಿಜಾಪುರದವರು ಹಿಡಿದರು. ಅವರ ಸುಬೇದಾರ ಮಲಿಕ್ ರೆಹಾನನ ಗೋರಿ 1651ರದು, ಇವತ್ತೂ ಜನ ನಡೆದುಕೊಳ್ಳುವ ದರ್ಗಾ. 1687ರಲ್ಲಿ ಔರಂಗಜೇಬನ ಸೇನೆ ಬಂದ ಮೇಲೆ ಶಿರಾ ಮೊಗಲರ ಒಂದು ಸುಬಾದ ರಾಜಧಾನಿಯಾಯಿತು. ಕಲ್ಲಿನ ಜಾಮಿಯಾ ಮಸೀದಿ 1696ರದು. ಹದಿನೆಂಟನೆಯ ಶತಮಾನದಲ್ಲಿ ನವಾಬ ದಿಲಾವರ್ ಖಾನ್ ಕಟ್ಟಿಸಿದ ಅರಮನೆಯ ಮಾದರಿಯನ್ನೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಬಳಸಿದರು ಎನ್ನುತ್ತಾರೆ. ಬೆಂಗಳೂರಿನ ಟಿಪ್ಪು ಅರಮನೆಗೆ ಟಿಕೆಟ್ ಕೊಂಡು ಹೋಗುವವರಿಗೆ ಇದರ ಅಸಲು ಶಿರಾದಲ್ಲಿತ್ತು ಎಂದು ಯಾರೂ ಹೇಳುವುದಿಲ್ಲ. ಮಾದರಿಯ ಹಿಂದೆ ಮನುಷ್ಯರೂ ಹೋದರು: ಶ್ರೀರಂಗಪಟ್ಟಣದ ಹೊಸ ಪೇಟೆಯಾದ ಗಂಜಾಮನ್ನು ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಹಳೆಯ ಗೆಜೆಟಿಯರು ದಾಖಲಿಸಿದೆ. ಒಂದೇ ಕೋಟೆಗೆ ನಾಯಕರು, ಬಿಜಾಪುರ, ಮೊಗಲ್, ಮರಾಠ, ಹೈದರ್ ಎಂದು ಇಷ್ಟು ಜನ ಯಜಮಾನರಿದ್ದಾಗ, ಯಾರೊಬ್ಬರ ಕಥೆಯನ್ನು ಮಾತ್ರ ಹೇಳಿದರೂ ಉಳಿದವರ ಮಕ್ಕಳು ಎದ್ದು ನಿಲ್ಲುತ್ತಾರೆ. ಇಲಾಖೆ ಇಂಥ ಕಡೆ ಮೌನವನ್ನು ಆರಿಸಿಕೊಳ್ಳುತ್ತದೆ. ನೀಲಿ ಫಲಕದ ಮೇಲೆ ‘ಸಂರಕ್ಷಿತ ಸ್ಮಾರಕ’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ.

ಮಧುಗಿರಿಯದೂ ಅಂಥದೇ. ಏಕಶಿಲೆಯ ಬೆಟ್ಟ ಎಂದರೆ ಈಗ ಚಾರಣ, ಸೆಲ್ಫಿ. 1763ರಲ್ಲಿ ಹೈದರ್ ಬಿದನೂರು ಹಿಡಿದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಈ ಕೋಟೆಯಲ್ಲಿ, 1767ರಲ್ಲಿ ಮರಾಠರು ಬಂದು ಬಿಡಿಸುವವರೆಗೆ. ಮಲೆನಾಡಿನ ಹೆಣ್ಣೊಬ್ಬಳು ಈ ಬೋಳು ಬಂಡೆಯ ನೆತ್ತಿಯ ಮೇಲೆ ಬಿಸಿಲು ನೋಡುತ್ತ ವರ್ಷಗಟ್ಟಲೆ ಹೇಗೆ ಕಳೆದಳು ಎಂಬುದಕ್ಕೆ ಯಾವ ಗಾಜಿನ ಪೆಟ್ಟಿಗೆಯಲ್ಲೂ ವಸ್ತುವಿಲ್ಲ. ಹಾಗೆ ಏನೂ ಉಳಿಯದ ಕಡೆಯೇ ಕಲಾವಿದರಿಗೆ ಹೆಚ್ಚು ಕೆಲಸ.

ವಸ್ತು ಇದ್ದೂ ಮೂಕವಾಗುವ ಬಗೆಗೆ ಒಂದು ಉದಾಹರಣೆ ಗಣೆ. ಕಾಡುಗೊಲ್ಲರ ಉದ್ದನೆಯ ಬಿದಿರ ಕೊಳಲು ಅದು. ಶಿರಾ ಸುತ್ತಿನ ಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಹಾಡುವಾಗ ಗಣೆಯ ನಾದ ಬೇಕೇ ಬೇಕು. ಜುಂಜಪ್ಪ ದನ ಕಾಯ್ದ ವೀರ, ಆಮೇಲೆ ದೇವರಾದವನು. ಗಣೆ ಊದಿದರೆ ದನಕ್ಕೆ ದಾರಿ, ಜನಕ್ಕೆ ಕಥೆ. ಅದನ್ನು ಒಂದು ಮ್ಯೂಸಿಯಮ್ಮಿಗೆ ತಂದು ಗೋಡೆಗೆ ತೂಗುಹಾಕಿ ‘ಗಾಳಿವಾದ್ಯ, ಬಿದಿರು’ ಎಂದು ಚೀಟಿ ಅಂಟಿಸಿದರೆ ತಪ್ಪೇನಿಲ್ಲ, ಹುಳು ಹಿಡಿಯದಂತೆ ನೋಡಿಕೊಂಡರೆ ನೂರು ವರ್ಷ ಉಳಿದೀತು. ಆದರೆ ಊದದ ಗಣೆ ಬಿದಿರಿನ ಕೊಳವೆ. ಇಲ್ಲಿ ಕಲಾವಿದರ ಪ್ರಶ್ನೆ ಶುರುವಾಗಬೇಕು. ಧ್ವನಿಯೊಡನೆ ಕೆಲಸ ಮಾಡುವ ಇಂದಿನ ಕಲಾವಿದರೊಬ್ಬರು ಗಣೆ ಊದುವ ಹಿರಿಯರ ಜೊತೆ ಹಟ್ಟಿಯಲ್ಲಿ ಕೂತರೆ ಧ್ವನಿಮುದ್ರಣಕ್ಕೆ ಮೊದಲೇ ಬೇರೆ ಸಂಗತಿಗಳು ಎದುರಾಗುತ್ತವೆ. ಹಟ್ಟಿಯೊಳಗೆ ಚಪ್ಪಲಿ ಕಳಚಬೇಕು. ಬಾಣಂತಿಯರನ್ನು, ಮುಟ್ಟಾದ ಹೆಣ್ಣುಮಕ್ಕಳನ್ನು ಹೊರಗಿಡುವ ಪದ್ಧತಿ ಇನ್ನೂ ಪೂರಾ ಹೋಗಿಲ್ಲ, ಅದರ ವಿರುದ್ಧ ಹಟ್ಟಿಯ ಹೆಣ್ಣುಮಕ್ಕಳೇ ಮಾತಾಡುತ್ತಿದ್ದಾರೆ. ಗಣೆಯ ಇಂಪು, ಹಟ್ಟಿಯಾಚೆಯ ಗುಡಿಸಲು ಎರಡೂ ಒಂದೇ ನಂಬಿಕೆಯ ಬುಡದಿಂದ ಬಂದವು. ಜಾನಪದ ಮ್ಯೂಸಿಯಂ ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಡುತ್ತದೆ, ಸಮಾಜ ಕಲ್ಯಾಣ ಇಲಾಖೆ ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಬಿಡುತ್ತದೆ. ಬೆಳ್ಳಿ, ಬೇಡಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟ ಬಾಲ್ಟಿಮೋರಿನ ಪಾಠ ಇಲ್ಲಿ ಬಂದು ಕೂರುತ್ತದೆ. ಒಂದೇ ವ್ಯತ್ಯಾಸವೆಂದರೆ, ಈ ಪೆಟ್ಟಿಗೆಯನ್ನು ಹೊರಗಿನ ಕಲಾವಿದ ಒಬ್ಬನೇ ಜೋಡಿಸಿದರೆ ಅದು ಅವಮಾನ, ಹಟ್ಟಿಯ ಹುಡುಗಿಯೊಬ್ಬಳು ಜೊತೆಗೆ ಕೂತು ಜೋಡಿಸಿದರೆ ವಿಮರ್ಶೆ.

ಕುರುಬರ ಕಂಬಳಿಯೂ ಹೀಗೆಯೇ. ಬೀದಿಯುದ್ದಕ್ಕೂ ಹಾಸು ಎಳೆದು ಕಟ್ಟಿ, ಹುಣಸೆಬೀಜದ ಗಂಜಿಯನ್ನು ಕುಂಚದಿಂದ ತೀಡುವುದನ್ನು ನೋಡಿದವರಿಗೆ ಅದು ತನ್ನಷ್ಟಕ್ಕೇ ಒಂದು ಪ್ರದರ್ಶನ. ಗಂಜಿ ಕುಡಿದ ಕರಿ ಉಣ್ಣೆಯ ಎಳೆಗಳು ಬಿಸಿಲಿಗೆ ಬಿಗಿಯುತ್ತವೆ, ಇಡೀ ಕೇರಿಗೆ ಹುಳಿ ಬೆರೆತ ಕುರಿಯ ವಾಸನೆ. ಇಂಥ ಕಂಬಳಿಯ ಮೇಲೆ ದೇವರಿಗೆ ಗದ್ದಿಗೆ ಹಾಕುತ್ತಾರೆ, ಅದರ ಮೇಲೆ ಕೂತು ಆಡಿದ ಮಾತನ್ನು ತಪ್ಪುವಂತಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಅದು ಈಗ ‘ದಖ್ಖನಿ ಉಣ್ಣೆ’ಯ ಚೆಂದದ ಚೀಲ. ಎರಡರ ಬೆಲೆಯನ್ನು ಅಕ್ಕಪಕ್ಕ ಬರೆದು ತೂಗುಹಾಕಿದರೆ ಸಾಕು, ಬೇರೆ ಇನ್‌ಸ್ಟಲೇಷನ್ ಬೇಡ.

ಕೊರಟಗೆರೆಗೆ ಬಂದರೆ ಗೊರವನಹಳ್ಳಿ, ಸಿದ್ಧರಬೆಟ್ಟ ಇವೆ. ಇವುಗಳ ಜನಜಾತ್ರೆಗೆ ಮ್ಯೂಸಿಯಮ್ಮಿನ ಹಂಗು ಬೇಕಿಲ್ಲ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಬದಿಯ ಸೀಬಿ ಬೇರೆ ಮಾತು. ಟಿಪ್ಪು ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನ ಮಕ್ಕಳು ಕಟ್ಟಿಸಿದ ನರಸಿಂಹಸ್ವಾಮಿ ಗುಡಿಯ ಚಾವಣಿಯಲ್ಲಿ ಪುರಾಣದ ಚಿತ್ರಗಳ ಪಕ್ಕದಲ್ಲೇ ಆ ಕಾಲದ ದರ್ಬಾರಿನ ಚಿತ್ರಗಳಿವೆ. ತಲೆಯೆತ್ತಿ ನೋಡುವವರು ಕಡಿಮೆ, ಬಣ್ಣ ಮಾಸುತ್ತಿದೆ. ಇದನ್ನು ಬರೆದವರೂ ತಮ್ಮ ಕಾಲದ ‘ಸಮಕಾಲೀನ ಕಲಾವಿದರು’. ದೇವರ ಮನೆಯ ಚಾವಣಿಯಲ್ಲಿ ತಮ್ಮ ಧಣಿಗಳ ಮೀಸೆಯನ್ನು ಬರೆಯಲು ಅವರಿಗೆ ಅಂಜಿಕೆ ಇರಲಿಲ್ಲ.

ಇನ್ನು ಪಾವಗಡ. ಮುಕ್ಕಾಲು ಪಾಲು ಆಂಧ್ರದ ನಡುವೆ ಇರುವ ಈ ತಾಲ್ಲೂಕಿನಲ್ಲಿ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲ ಈಗ 2,050 ಮೆಗಾವಾಟಿನ ಸೋಲಾರ್ ಪಾರ್ಕು. ರೈತರಿಂದ ಕೊಂಡಿಲ್ಲ, ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದದ್ದು. ಮಳೆ ನಂಬಿ ಕಡಲೇಕಾಯಿ ಹಾಕಿ ಸೋತವರಿಗೆ ಇದು ವರವೇ ಆಯಿತು. ನೆಲವಿಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಆ ಮಾತು ಹೇಳಲಾಗದು. ಅವರ ಹೆಸರಿನಲ್ಲಿ ಗುತ್ತಿಗೆ ಪತ್ರ ಇರಲಿಲ್ಲ. ಮುಂದೊಂದು ದಿನ ಗುತ್ತಿಗೆ ಮುಗಿದಾಗ ಈ ಕಪ್ಪು ಹಲಗೆಗಳೇ ಮ್ಯೂಸಿಯಂ ವಸ್ತುಗಳಾಗುತ್ತವೆ. ಆಗ ಫಲಕದಲ್ಲಿ ಏನು ಬರೆಯಬೇಕು ಎಂದು ಈಗಲೇ, ಹಲಗೆ ತೊಳೆಯುವ ಕೂಲಿಯ ಹೆಣ್ಣುಮಕ್ಕಳು ಸಿಗುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಜಾಣತನ. ಪಾವಗಡದಿಂದ ಗಡಿ ದಾಟಿದರೆ ಧರ್ಮಾವರದ ಕಡೆ ನಿಮ್ಮಲಕುಂಟ. ತೊಗಲುಗೊಂಬೆಯವರ ಊರು, 2020ರಲ್ಲಿ ಪದ್ಮಶ್ರೀ ಪಡೆದ ದಳವಾಯಿ ಚಲಪತಿ ರಾವ್ ಅಲ್ಲಿಯವರು. ನಮ್ಮ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಊರೂರು ಸುತ್ತಿ ಕೂಡಿಸಿದ ತೊಗಲುಗೊಂಬೆಗಳ ದೊಡ್ಡ ಸಂಗ್ರಹವಿದೆ. ಆ ಗೊಂಬೆಗಳೂ ಈ ಕಲಾವಿದರೂ ಒಂದು ರಾತ್ರಿ ಒಂದೇ ಪರದೆಯ ಹಿಂದೆ ಸೇರಲು ಪಾವಗಡಕ್ಕಿಂತ ಹತ್ತಿರದ ಜಾಗ ಬೇರೆ ಇಲ್ಲ.

ಮ್ಯೂಸಿಯಂ ತನ್ನ ವಸ್ತುಗಳನ್ನೂ ಕಲಾವಿದರನ್ನೂ ಕರೆದುಕೊಂಡು ಈ ತಾಲ್ಲೂಕುಗಳಿಗೇ ಬಂದು, ಊರಿನವರ ಎದುರು ಮಾತುಕತೆ ನಡೆಸಲಿ ಎಂಬುದು ನನ್ನ ಸಲಹೆ. ಈಗ ಅದಕ್ಕೆ ಏಳುವ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಭದ್ರತೆ. ಹಳೆಯ ವಸ್ತುಗಳನ್ನು ಲಾರಿಯಲ್ಲಿ ಹೇರಿ ಶಿರಾಕ್ಕೆ ತರುವುದು ಹುಚ್ಚು ಎನ್ನುತ್ತಾರೆ. ಒಪ್ಪುತ್ತೇನೆ, ಆತಕೂರಿನ ಕಲ್ಲನ್ನು ಅಲುಗಿಸಬೇಡಿ. ಅಚ್ಚುಗಳು, ಫೋಟೋಗಳು, ಉಗ್ರಾಣದಲ್ಲಿ ಬಿದ್ದಿರುವ ಗಟ್ಟಿಮುಟ್ಟಾದ ವಸ್ತುಗಳು ಬರಲಿ. 1965ರಲ್ಲಿ ಕೊಲ್ಕತ್ತದ ಬಿರ್ಲಾ ಮ್ಯೂಸಿಯಂ ಬಸ್ಸಿನಲ್ಲಿ ವಿಜ್ಞಾನ ಪ್ರದರ್ಶನ ಕಟ್ಟಿಕೊಂಡು ಹಳ್ಳಿಗೆ ಹೋಯಿತು. 2015ರಿಂದ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ ಇತಿಹಾಸವನ್ನೂ ಬಸ್ಸಿಗೆ ಹತ್ತಿಸಿದೆ. ವಿಜ್ಞಾನಕ್ಕೆ ಅರುವತ್ತು ವರ್ಷದಿಂದ ಸಿಕ್ಕ ಡೀಸೆಲ್ಲು ಕಲೆಗೆ ಸಿಗುವುದಿಲ್ಲ ಎಂದರೆ ನಂಬುವುದು ಕಷ್ಟ.

ಎರಡನೆಯದು, ಹಳ್ಳಿಯವರಿಗೆ ಇಂಥ ಕಲೆ ಅರ್ಥವಾಗುವುದಿಲ್ಲ ಎಂಬುದು. ಇದಕ್ಕೆ ಕೂದಲ ಹಗ್ಗದಲ್ಲೇ ಉತ್ತರವಾಯಿತು. ಅರ್ಥವಾಗದಿದ್ದರೆ ‘ಅರ್ಥವಾಗಲಿಲ್ಲ’ ಎಂದು ಮುಖಕ್ಕೆ ಹೇಳುವ ದಿಟ್ಟತನ ಗ್ಯಾಲರಿಯ ನೋಡುಗರಿಗಿಂತ ಸಂತೆಯ ನೋಡುಗರಿಗೆ ಜಾಸ್ತಿ. ಕಲಾವಿದರಿಗೆ ಆ ಮಾತು ಕೇಳಿ ಎಷ್ಟು ದಿನವಾಯಿತೋ!

ಮೂರನೆಯ ಆಕ್ಷೇಪ ಮಾತ್ರ ನನ್ನನ್ನೂ ಕಾಡುವಂಥದ್ದು. ಮ್ಯೂಸಿಯಂ ಕಲ್ಲು ಒಯ್ದ ಹಾಗೆ ಕಲಾವಿದರೂ ಒಯ್ಯುತ್ತಾರೆ. ಬರಗಾಲದ ಊರಿಗೆ ಬಂದು, ನಾಲ್ಕು ಮುಖ, ಎರಡು ಹಾಡು, ಒಂದು ನೋವು ತುಂಬಿಕೊಂಡು ಹೋಗಿ ಬೇರೆಡೆ ಪ್ರದರ್ಶನ ಮಾಡುತ್ತಾರೆ. ಊರಿಗೆ ಆಮಂತ್ರಣ ಪತ್ರಿಕೆಯೂ ಬರುವುದಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಹೋದದ್ದಕ್ಕೆ ಲೆಕ್ಕ ಕೇಳುವವರಿಲ್ಲ. ಸದುದ್ದೇಶದ ಮಾತಾಡಿದರೆ ಇದಕ್ಕೆ ಪರಿಹಾರ ಸಿಗುವುದಿಲ್ಲ, ಕರಾರು ಬೇಕು. ಕಲಾವಿದರಿಗೆ ಗೌರವಧನ ಕೊಡುವ ಪಟ್ಟಿಯಲ್ಲೇ ಗಣೆ ಊದುವವರ, ಕಂಬಳಿ ನೇಯುವವರ ಹೆಸರೂ ಅದೇ ದರದಲ್ಲಿ ಇರಬೇಕು. ಕೃತಿ ಇಲ್ಲಿಯದನ್ನು ಬಳಸಿದ್ದರೆ ಮೊದಲ ಪ್ರದರ್ಶನ ಇಲ್ಲೇ ಆಗಬೇಕು. ಆತಕೂರಿನ ಮಣಲೆರ ನಾಯಿಯ ಕಲ್ಲಿಗೆ ಭೂಮಿ ಬಿಟ್ಟು, ಷರತ್ತನ್ನೂ ಬರೆಸಿದ. ನಮ್ಮ ಅಕಾಡೆಮಿಗಳಿಗೆ ಅಷ್ಟಾದರೂ ಬರಬೇಡವೇ?

ಊರಿನಲ್ಲಿ ಗಲಾಟೆಯಾಗುತ್ತದೆ ಎಂಬ ಭಯ ನಾಲ್ಕನೆಯದು, ಅಧಿಕಾರಿಗಳದು. ಶಿರಾದ ಇತಿಹಾಸ ಮಾತಾಡಿದರೆ ಯಾರಿಗೋ ನೋವಾಗುತ್ತದೆ, ಮೇಲಿಂದ ಫೋನು ಬರುತ್ತದೆ. ಆಗಬಹುದು. ಆದರೆ ಆ ಮಾತು ಈಗಾಗಲೇ ನಡೆಯುತ್ತಿದೆ, ವಾಟ್ಸಾಪಿನಲ್ಲಿ, ಎದುರಿಗೆ ಯಾರೂ ಇಲ್ಲದೆ. ವಸ್ತುವೊಂದನ್ನು ನಡುವೆ ಇಟ್ಟುಕೊಂಡು, ಎದುರುಬದುರು ಕೂತು ಆಡಿದ ಜಗಳಕ್ಕೆ ಒಂದು ಮಿತಿ ಇರುತ್ತದೆ. ದಿಲಾವರ್ ಖಾನನ ಅರಮನೆಯ ಹಾಳು ಗೋಡೆಯ ಮುಂದೆ ನಾಯಕರ ಮನೆತನದವರು, ಮಸೀದಿಯ ಹಿರಿಯರು, ಗಂಜಾಮಿಗೆ ಹೋದವರ ಕಥೆ ಬಲ್ಲ ಮೇಷ್ಟ್ರು ಒಬ್ಬರು ಕೂತರೆ, ನಡುವೆ ಕಲಾವಿದರ ಕೃತಿಯೊಂದಿದ್ದರೆ, ಜಗಳ ಕೊನೆಗೆ ಆ ಕೃತಿಯ ಮೇಲೆ ತಿರುಗುವ ಸಂಭವವೇ ಹೆಚ್ಚು. ಕಲಾವಿದರು ಬೈಸಿಕೊಳ್ಳಲಿ ಬಿಡಿ, ಅದೂ ಅವರ ಕೆಲಸವೇ.

ಹಾಗಾದರೆ ಎಲ್ಲಿ, ಯಾವಾಗ? ಶೈಕ್ಷಣಿಕ ಜಿಲ್ಲೆ ಎಂಬ ಚೌಕಟ್ಟು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾಲ್ಕು ತಾಲ್ಲೂಕಿನ ಶಾಲೆಗಳಿಗೆ ಒಬ್ಬರೇ ಉಪನಿರ್ದೇಶಕರು, ಒಂದೇ ಸುತ್ತೋಲೆ ಸಾಕು. ಚಿತ್ರಕಲಾ ಶಿಕ್ಷಕರಿರುವ ಸರ್ಕಾರಿ ಶಾಲೆಗಳು ಕಡಿಮೆಯೇ, ಆದರೂ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟುವ ಮಕ್ಕಳಿದ್ದಾರೆ. ಆ ಮಕ್ಕಳಿಗೆ ಸ್ಟಿಲ್ ಲೈಫ್ ಎಂದರೆ ಹೂಜಿ, ಸೇಬು. ಗಣೆ, ಕಂಬಳಿಯನ್ನೂ ಅವರ ಮುಂದಿಡಬಹುದು. ಮಾತುಕತೆಯನ್ನು ಬೇಸಿಗೆ ರಜೆಗೆ ಮುಂಚೆ, ಜಾತ್ರೆಗಳ ಕಾಲದಲ್ಲಿ, ಕಡಲೇಕಾಯಿ ಬಿತ್ತನೆಯ ಗಡಿಬಿಡಿ ಇಲ್ಲದಾಗ ಇಟ್ಟುಕೊಂಡರೆ ದೊಡ್ಡವರೂ ಬರುತ್ತಾರೆ. ಮಾತು ಕನ್ನಡದಲ್ಲಿ ನಡೆಯಲಿ, ಪಾವಗಡದಲ್ಲಿ ತೆಲುಗಿಗೂ ಶಿರಾದಲ್ಲಿ ಉರ್ದುವಿಗೂ ಜಾಗವಿರಲಿ. ಇಂಗ್ಲಿಷ್ ಬೇಕಾದವರಿಗೆ ಪಕ್ಕದಲ್ಲಿ ಕೂತವರು ಪಿಸುಗುಟ್ಟಿ ಹೇಳಲಿ, ಇಷ್ಟು ವರ್ಷ ನಾವು ಹಾಗೆಯೇ ಕೇಳಿಸಿಕೊಂಡಿದ್ದೇವೆ.

ಖರ್ಚಿನ ವಿಚಾರದಲ್ಲಿ ನನ್ನದು ಒಂದೇ ಬೇಡಿಕೆ. ಬೆಂಗಳೂರಿನ ಮ್ಯೂಸಿಯಂ 2015ರಲ್ಲಿ 150 ಮುಟ್ಟಿತು, 2025ಕ್ಕೆ 160 ಆಯಿತು, ಇನ್ನು ಹತ್ತು ವರ್ಷಕ್ಕೆ ಮತ್ತೊಂದು ಹಬ್ಬ. ಆಗ ಉದ್ಘಾಟನೆಗೆ, ಸಂಚಿಕೆಗೆ, ಶಾಮಿಯಾನಕ್ಕೆ ಎತ್ತಿಡುವ ಹಣದಲ್ಲಿ ಒಂದು ಪಾಲನ್ನು ಫಲಕಗಳಿಗೆಂದೇ ತೆಗೆದಿಡಬೇಕು. ತಾಲ್ಲೂಕುಗಳ ಸುತ್ತು ಮುಗಿದ ಮೇಲೆ, ಊರಿನವರು ವಸ್ತುವಿನ ಬಗ್ಗೆ ಹೇಳಿದ್ದನ್ನು, ಒಬ್ಬರು ಇನ್ನೊಬ್ಬರನ್ನು ತಿದ್ದಿದ್ದನ್ನು, ಒಪ್ಪದೆ ಎದ್ದು ಹೋದದ್ದನ್ನೂ ಸೇರಿಸಿ ಹಳೆಯ ಮೂರು ಸಾಲಿನ ಕೆಳಗೆ ಬರೆಯಬೇಕು, ಹೇಳಿದವರು ಒಪ್ಪಿದರೆ ಅವರ ಹೆಸರು ಹಾಕಿ. ಫಲಕ ಉದ್ದವಾಗುತ್ತದೆ, ಗೋಡೆಯ ಅಂದ ಕೆಡುತ್ತದೆ ಎಂದು ವಿನ್ಯಾಸಕಾರರು ಗೊಣಗುತ್ತಾರೆ. ಎರಡು ಕಲ್ಲುಗಳ ನಡುವೆ ಒಂದು ಗಜ ಜಾಗ ಜಾಸ್ತಿ ಬಿಟ್ಟರಾಯಿತು.